ಗಾಡಿಗೆ ಗೊಟ್ಟ

"ಕುಂದ್ರೋದು ಆಮ್ಯಾಲ ನೋಡೋಣ್ರಿ ಮೇಡಂ, ಮೊದ್ಲು ಇದನ್ನ ಒಡೀರಿ" ಅಂದು ಆಕಿ ಡಬ್ಬಿ ತಂದು ನನ್ನ ಟೇಬಲ್ ಮ್ಯಾಲ ಕುಕ್ಕಿದಳು.

ಎಂಜಿನ್ ಆಯಿಲ್ ಡಬ್ಬಿ. ಸೀಲ್ ಹಂಗೇ ಇತ್ತು. ಮ್ಯಾಲ ದಪ್ಪ ಅಕ್ಷರದಾಗ ಫುಲ್ ಸಿಂಥೆಟಿಕ್ ಅಂತ ಬರದಿದ್ರು. ನನ್ನ ಟೇಬಲ್ ಮ್ಯಾಲ ಯಾರರ ಏನರ ಕುಕ್ಕಿದ್ರ ನನಗ ಪಿತ್ತ ನೆತ್ತಿಗೇರ್ತದ, ಅಲ್ಲಿ ಗಾಜಿನ ಸಾಮಾನ ಇರ್ತಾವ. "ಅಕ್ಕಾರ, ಇದು ಲ್ಯಾಬ್ ಅದ, ಕುಸ್ತಿ ಕಣ ಅಲ್ಲ. ಸಾವಕಾಶ ಇಡ್ರಿ" ಅಂದೆ. ಆಕಿ ತಪ್ಪಾಯ್ತು ಅನ್ನಲಿಲ್ಲ. ಡಬ್ಬಿ ಮ್ಯಾಲಿಂದ ಕೈ ಸುದ್ದಾ ತೆಗೀಲಿಲ್ಲ.

ಬೀದರದಾಗ ನೌಬಾದ ಕಡೆ ನಮ್ಮದೊಂದು ಸಣ್ಣ ಖಾಸಗಿ ಲ್ಯಾಬ್ ಅದ. ಡೀಸೆಲ್, ಟ್ರಾನ್ಸ್‌ಫಾರ್ಮರ್ ಎಣ್ಣಿ, ಗಾಣದವರು ತರೋ ಕುಸುಬಿ ಎಣ್ಣಿ, ಶೇಂಗಾ ಎಣ್ಣಿ, ಒಟ್ಟು ಜಿಡ್ಡಿನ ಸಾಮಾನೆಲ್ಲಾ ನನ್ನ ಕೈಯಾಗೇ ಬರ್ತದ. ಮಾಲಕರು ನಮ್ಮ ಸಾಹೇಬ್ರು. ಪರೀಕ್ಷಾ ಮಾಡಿ ಸಹಿ ಹಾಕಾಕಿ ನಾನು. ಮನ್ಯಾಗ ನನ್ನ ಗಂಡ ಚೇಷ್ಟಿ ಮಾಡ್ತಾನ, "ನೀ ಹತ್ರ ಬಂದ್ರ ಇವತ್ತ ಯಾವ ಎಣ್ಣಿ ಬಂದಿತ್ತಂತ ತಿಳೀತದ ನೋಡು" ಅಂತ.

ಡಬ್ಬಿ ತಂದಾಕಿಗೆ ಭಾಲ್ಕಿ ಬಸ್ ಸ್ಟ್ಯಾಂಡ್ ಹತ್ರ ಆಯಿಲ್ ದುಕಾನ್ ಇತ್ತು. ಅವರಪ್ಪ ಹಾಕಿದ್ದು. ಅಪ್ಪ ತೀರಿಕೊಂಡ ಮ್ಯಾಲ ಹೆಣ್ಮಗಳು ಗ್ರೀಸಿನ ಅಂಗಡಿ ಏನ್ ನಡಸ್ತಾಳ ಅಂತ ಮಂದಿ ನಕ್ಕಿದ್ರಂತ. ಆಕಿ ನಡಸಿ ತೋರಸಿದ್ದಳು. ಈಗ ಅದಕ್ಕ ಕಲ್ಲು ಬಿದ್ದಿತ್ತು. ಸಂತಪುರದ ಒಬ್ಬ ಟೆಂಪೊ ಮಾಲಕ ಆಕಿ ಹತ್ರ ಇದೇ ಎಣ್ಣಿ ಒಯ್ದು ಹಾಕಿಸಿದ್ದ. ಔರಾದ, ಸಂತಪುರ, ಭಾಲ್ಕಿ ಅಂತ ಸವಾರಿ ಹೊಡಿಯೋ ಗಾಡಿ ಅದು. ಎಂಜಿನ್ ಜಾಮ್ ಆಗಿ ನಡುದಾರ್ಯಾಗ ನಿಂತುಬಿಡ್ತು. ಅಂವ ನೆಟ್ಟಗ ಭಾಲ್ಕಿ ಟೆಂಪೊ ಸ್ಟ್ಯಾಂಡಿಗೆ ಬಂದು ಎಲ್ಲಾ ಡ್ರೈವರ್‌ಗೋಳ ಮುಂದ, "ಆಕಿ ಡಬ್ಬಿಯೊಳಗ ನಂಬರ್ ದೋ ಮಾಲ್ ತುಂಬ್ತಾಳ, ನನ್ನ ಗಾಡಿ ಕೊಂದಳು" ಅಂತ ಒದರಿದ್ದ.

"ಅವತ್ತಿನಿಂದ ಬೋಣಿ ಆಗಿಲ್ರಿ ಮೇಡಂ" ಅಂದಳು. "ಮುಂಜಾನೆ ಶಟರ್ ತೆಗೀತೇನಿ, ಊದಿನಕಡ್ಡಿ ಹಚ್ತೇನಿ, ಸಂಜಿಗೆ ಇಳಸ್ತೇನಿ. ಮಂದಿ ನನ್ನ ದುಕಾನ್ ದಾಟಿ ಮುಂದಿನ ಅಂಗಡಿಗೆ ಹೋಗ್ಲತ್ತಾರ. ನಮ್ಮಪ್ಪನ ಇಜ್ಜತ್ ಹೋಯ್ತಂದ್ರ ನಾ ಆ ಶಟರ್ ಮತ್ತ ಎತ್ತಂಗಿಲ್ಲ."

ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ ಅಂತಾರಲಾ, ಹಂಗಾಗಿತ್ತು ಆಕಿ ಬಾಳೇ. ನನ್ನ ಸಿಟ್ಟು ಇಳೀತು. "ಕುಂದ್ರವ್ವಾ, ಚಹಾ ಕುಡಿ. ಆದ್ರ ನಿನ್ನ ಡಬ್ಬಿ ಒಂದೇ ನೋಡಿದ್ರ ಆಗಂಗಿಲ್ಲ. ಆ ಗಾಡಿಯಾಗಿನ ಎಣ್ಣಿ ಬೇಕು, ಅದೂ ಅವನೇ ತಂದು ಕೊಡ್ಬೇಕು" ಅಂದೆ. ಆಕಿ ಅಲ್ಲೇ ಮೊಬೈಲ್ ತೆಗದು ಟೆಂಪೊ ಮಾಲಕಗ ಹಚ್ಚಿದಳು. ತನ್ನ ಮಾನ ಕಳದಾಂವನ ಜೋಡಿ ಆಕಿ ಬಿಗಿ ದನಿಯಾಗ, ಆದ್ರ ರೀ ಹಚ್ಚೇ ಮಾತಾಡಿದಳು. "ನೀವೇ ತರ್ರಿ, ನೀವೇ ಕೊಡ್ರಿ, ನಾ ಮುಟ್ಟಂಗಿಲ್ಲ." ಆವಾಗೇ ಈ ಹೆಣ್ಮಗಳು ನನ್ನ ಮನಸಿಗೆ ಬಂದಳು ಅನ್ರಿ.

ಅಂವ ಮರುದಿನ ಬಂದ. ಕಪ್ಪು ಎಣ್ಣಿ ಒಂದು ಬಾಟಲಿಯೊಳಗ ತುಂಬಿದ್ದ. ಕೆಟ್ಟಾಂವ ಅಲ್ಲ, ಸೋತು ಸುಣ್ಣ ಆಗಿದ್ದ. "ಮಿಸ್ತ್ರಿ ಎಂಜಿನ್ ಬಿಚ್ಚಿದ್ರ ಒಳಗ ರೋಗಣ ಬಳದಂಗ ಆಗ್ಯದ್ರಿ ಮೇಡಂ, ಉಗುರಿಲೆ ಕೆರದ್ರೂ ಬರವಲ್ದು" ಅಂದ. ರೋಗಣ ಅಂದ್ರ ಕಟಗಿಗೆ ಹಚ್ಚೋ ವಾರ್ನಿಷ್. ಎಣ್ಣಿ ಸುಟ್ಟು ಎಂಜಿನ್ ಒಳಗ ಹಂಗೆ ಅಂಟೋದು ನಮಗ ಹೊಸದಲ್ಲ. ನನ್ನ ಪದ್ಧತಿ ಪ್ರಕಾರ ಕೇಳಿದೆ, "ನಡುವ ಬ್ಯಾರೆ ಎಣ್ಣಿ ಟಾಪ್-ಅಪ್ ಮಾಡೀರೇನು?"

"ಒಂದ್ ಹನಿ ಸುದ್ದಾ ಇಲ್ರಿ. ಆ ಗಾಡಿ ಅಂದ್ರ ಮನಿ ಮಗ ಇದ್ದಂಗ. ನಮ್ಮವ್ವ ಅದಕ್ಕ ಮಾಡೋ ಉಪಚಾರ ನನಗೂ ಮಾಡಂಗಿಲ್ಲ" ಅಂದ. ಇಬ್ರೂ ನಕ್ಕಿವಿ. ನಾನು ಟಾಪ್-ಅಪ್ ಇಲ್ಲ ಅಂತ ಬರಕೊಂಡೆ. ಆ ಮಾತನ್ನ ಅಲ್ಲೇ ನಕ್ಕು ಬಿಟ್ಟಿವಿ ನೋಡ್ರಿ.

ಕೆಲಸ ಏನಿತ್ತು ಅಂದ್ರ, ಬೇಸ್ ಆಯಿಲ್ ಹೋಲಸಿ ನೋಡೋದು. ಎಂಜಿನ್ ಎಣ್ಣಿಯೊಳಗ ಹೆಚ್ಚಿನ ಪಾಲು ಬೇಸ್ ಆಯಿಲ್ ಇರ್ತದ, ಉಳಿದದ್ದು ಔಷಧ. ಅಡಗಿ ಲೆಕ್ಕದಾಗ ಹೇಳ್ಬೇಕಂದ್ರ ಬೇಸ್ ಆಯಿಲ್ ಬ್ಯಾಳಿ, ಔಷಧ ಒಗ್ಗರಣಿ. ಒಗ್ಗರಣಿ ಘಮಾ ಅಂತದಂತ ಬ್ಯಾಳಿ ಚೊಲೋ ಅದ ಅನ್ನಾಕ ಬರಂಗಿಲ್ಲ. ಮತ್ತ ಈ ಸಿಂಥೆಟಿಕ್ ಅನ್ನೋ ಶಬ್ದ ಭಾಳ ಸಡಿಲ ಅದ. ಒಬ್ಬರು ನೆಲದಾಗಿನ ಎಣ್ಣಿನೇ ಹೈಡ್ರೋಜನ್ ಜೋಡಿ ಜಜ್ಜಿ ಶುದ್ಧ ಮಾಡಿ ಸಿಂಥೆಟಿಕ್ ಅಂತಾರ. ಇನ್ನೊಬ್ಬರು ಸಣ್ಣ ಅಣು ಒಂದಕ್ಕೊಂದು ಪೋಣಿಸಿ ಹೊಸಾ ಎಣ್ಣಿ ಕಟ್ತಾರ, ಅದಕ್ಕ ಪಿಎಒ ಅಂತೀವಿ. ಮೂರನೇದವರು ಎಸ್ಟರ್ ಅನ್ನೋ ಜಾತಿ ಎಣ್ಣಿ ಬೆರಸ್ತಾರ. ಡಬ್ಬಿ ಮ್ಯಾಲ ಎಲ್ಲಾರದೂ ಒಂದೇ ಹೆಸರು.

ಪೇಟ್ಯಾಗಿಂದ ಇನ್ನೊಂದು ಕಂಪನಿ ಸಿಂಥೆಟಿಕ್ ಡಬ್ಬಿನೂ ತರಿಸಿದೆ. ಭಾಲ್ಕಿ ದುಕಾನ್ದಾಗ ಬ್ಯಾರಲ್‌ನಿಂದ ಬಿಡಿ ಮಾರೋ ಸಾದಾ ಎಣ್ಣಿನೂ ತರಿಸಿದೆ. ಕಲಬೆರಕಿ ಮಾಡಿದ್ರ ಅದರಿಂದನೇ ಮಾಡ್ತಾರ ಅಂತ ನನ್ನ ಅಂದಾಜು. ಆ ಹೆಣ್ಮಗಳು ಕೇಳಿದ ಕೂಡ್ಲೇ ಬ್ಯಾರಲ್ ಎಣ್ಣಿ ಕಳಿಸಿದಳು, ಯಾಕ ಅಂತ ಒಂದ್ ಮಾತು ಕೇಳಲಿಲ್ಲ.

ಮೊದ್ಲು ಇನ್ಫ್ರಾರೆಡ್ ಮಿಷಿನ್. ಅದರ ಕನ್ನಡಿಯಂಥ ಹರಳಿನ ಮ್ಯಾಲ ಒಂದ್ ಹನಿ ಇಟ್ರ ಸಾಕು. ಕಣ್ಣಿಗೆ ಕಾಣದ ಬೆಳಕು ಎಣ್ಣಿಯೊಳಗ ಹಾದು, ಯಾವ ಅಣುವಿನ ಯಾವ ಕೊಂಡಿ ಎಷ್ಟು ಬೆಳಕು ನುಂಗಿತು ಅಂತ ಗೆರಿ ಬರದು ತೋರಸ್ತದ. ಇಷ್ಟು ವರ್ಷ ಆದ್ರೂ ಆ ಗೆರಿ ಮೂಡೋದು ನೋಡಿದ್ರ ನನಗ ಮೈ ಜುಮ್ ಅಂತದ. ಸುಳ್ಳ ಹೇಳದ ಜೀವ ಅಂದ್ರ ನಮ್ಮ ಲ್ಯಾಬಿನಾಗ ಅದೊಂದೇ ಅಂತ ಸಾಹೇಬ್ರ ಮುಂದೂ ಹೇಳಿದ್ದೇನಿ.

ಸೀಲ್ ಡಬ್ಬಿ ಎಣ್ಣಿ ಚೊಕ್ಕ ಬಂತು. ಬ್ಯಾರಲ್ ಎಣ್ಣಿ ಸಾದಾ ಎಣ್ಣಿ ಹ್ಯಾಂಗಿರಬೇಕೋ ಹಂಗೇ ಬಂತು. ಆಮ್ಯಾಲ ಗಾಡಿಯಾಗಿನ ಕಪ್ಪು ಎಣ್ಣಿ ಇಟ್ಟೆ. ಮಸಿಗೆ ಗೆರಿ ಎಲ್ಲಾ ಮ್ಯಾಲ ಎದ್ದಿತ್ತು, ಅದು ಸಹಜ. ಆದ್ರ ಎಸ್ಟರ್ ಬರೋ ಜಾಗದಾಗ ಒಂದು ಚೂಪಾನ ಮೊಳಿ ಎದ್ದು ನಿಂತಿತ್ತು. ಹಳೇ ಎಣ್ಣಿ ಸುಟ್ರ ಅದರ ಬಾಜೂಕ ಅಗಲಕ ಒಂದು ದಿಬ್ಬ ಬರ್ತದ, ಇಷ್ಟು ಚೂಪು ಬರಂಗಿಲ್ಲ.

ಅಬ್ಬಾ! ಮೊದ್ಲ ನನಗ ಖುಷಿ ಆಯ್ತು. ಎಸ್ಟರ್ ಬೆರಸಿದ ಮೇಲ್ಜಾತಿ ಸಿಂಥೆಟಿಕ್ ಇರಬೇಕು ಅನಕೊಂಡೆ. ಆದ್ರ ಸೀಲ್ ಡಬ್ಬಿಯೊಳಗ ಆ ಮೊಳಿ ಇಲ್ಲಲಾ! ಬೆಳ್ಳಗಿರೋದೆಲ್ಲಾ ಹಾಲಲ್ಲ. ಕಣ್ಣು ಸಣ್ಣ ಮಾಡಿ ನೋಡಿದ್ರ ಗೆರಿಯ ಆ ತುದಿಗೆ ಒಂದು ಸಣ್ಣ ಉಬ್ಬು ಕಂಡಿತು, ಈ ಕಡೆ ಜೋಡಿ ಮೊಳಿ. ಆ ಗುರುತು ನನಗ ನನ್ನ ಮನಿ ಬಾಗಲಷ್ಟು ಗೊತ್ತು. ದಿನಾ ಗಾಣದವರ ಮಾಲ್‌ನಾಗ ಅದನ್ನೇ ನೋಡ್ತೇನಿ. ತಿನ್ನೋ ಎಣ್ಣಿ!

ಅವತ್ತ ಮುಂಜಾನೆ ಅದೇ ಹರಳಿನ ಮ್ಯಾಲ ಗಾಣದ ಎಣ್ಣಿ ಇಟ್ಟಿದ್ದೆ. ನಾನೇ ಸರಿಯಾಗಿ ಒರಸಿಲ್ಲೇನು? ಜಿಡ್ಡು ಕರಗಿಸೋ ಹೆಕ್ಸೇನ್ ಹಾಕಿ ಒರಸಿದೆ, ಮತ್ತ ಒರಸಿದೆ, ಖಾಲಿ ಹರಳಿನ ಗೆರಿ ತೆಗದೆ, ಚೊಕ್ಕ ಬಂತು. ಕಪ್ಪು ಎಣ್ಣಿ ಮತ್ತ ಇಟ್ಟೆ. ಮೊಳಿ ಅಲ್ಲೇ ಇತ್ತು, ಜಗ್ಗಲಿಲ್ಲ.

ಸಾಹೇಬ್ರು ಬಂದು ಗೆರಿ ನೋಡಿದ್ರು. "ಮುಗೀತಲ್ಲ. ಮಾದರಿಯಲ್ಲಿ ಖಾದ್ಯ ಎಣ್ಣೆ ಕಂಡುಬಂದಿದೆ ಅಂತ ಒಂದ್ ಸಾಲು ಬರಿ, ಸಹಿ ಹಾಕು, ಕಳಿಸು."

"ಬರದ್ರ ಆ ಹೆಣ್ಮಗಳ ದುಕಾನ್ ಮುಗೀತದ್ರಿ."

"ಸುಳ್ಳ ಏನ್ ಬರದಂಗಾಯ್ತು?"

"ಸುಳ್ಳ ಅಲ್ರಿ, ಅರ್ಧಾ ಖರೆ. ಅರ್ಧಾ ಖರೆಕ್ಕ ನಾ ಸಹಿ ಹಾಕಂಗಿಲ್ಲ." ನನ್ನ ದನಿ ಜರಾ ಜೋರಾಗೇ ಬಂತು. "ಕಲಬೆರಕಿ ಮಾಡಾಕಿ ಬಾಜೂಕ ಸೋವಿ ಬ್ಯಾರಲ್ ಎಣ್ಣಿ ಇಟ್ಕೊಂಡು ಗಾಣದ ತುಟ್ಟಿ ಎಣ್ಣಿ ಯಾಕ ಹಾಕ್ತಾಳ್ರಿ? ಆಕಿಗೇನ್ ತಲಿ ಕೆಟ್ಟದೇನು?"

ಸಾಹೇಬ್ರ ಗುಣ ಒಂದದ, ಮಾತು ಖರೆ ಇದ್ರ ಮುಖ ಸಿಂಡರಿಸಿಕೊಂಡೇ ಒಪ್ತಾರ. "ಹಂಗಾರ ಅದರಾಗಿನ ಬೇಸ್ ಆಯಿಲ್ ಯಾವುದು ಅಂತ ಬೇರ್ಪಡಿಸಿ ತೋರಸು. ಬಾಯಿಲೆ ಬ್ಯಾಡ" ಅಂದ್ರು.

ಹೇಳೋದು ಹಗುರ. ಕಪ್ಪು ಎಣ್ಣಿಯೊಳಗ ಮಸಿ, ಔಷಧ, ತಿನ್ನೋ ಎಣ್ಣಿ, ಬೇಸ್ ಆಯಿಲ್ ಎಲ್ಲಾ ಕೂಡಿ ಖಿಚಡಿ ಆಗಿರ್ತದ. ಉದ್ದನ ಗಾಜಿನ ನಳಿಗಿಯೊಳಗ ಸಿಲಿಕಾ ಪುಡಿ ತುಂಬಿ, ಮ್ಯಾಲಿಂದ ಎಣ್ಣಿ ಬಿಟ್ಟು, ಹೆಕ್ಸೇನ್ ಸುರೀತಾ ಹೋಗ್ಬೇಕು. ಜಿಗುಟು ಗುಣದ್ದು ಪುಡಿಗೆ ಅಂಟಿ ಹಿಂದ ಉಳೀತದ, ಬೇಸ್ ಆಯಿಲ್ ಮುಂದ ಇಳೀತದ. ಮೊದಲ ಸಲ ನಾನು ಅವಸರ ಮಾಡಿದೆ. ಪುಡಿಯೊಳಗ ಗಾಳಿ ಸೇರಿ ನಳಿಗಿ ನಡುವ ಬಿರಕು ಬಿಡ್ತು, ಕಪ್ಪು ನೀರು ದಬದಬ ಕೆಳಗ ಬಂತು. ಅವತ್ತಿನ ಕೆಲಸ ಎಲ್ಲಾ ಚರಂಡಿ ಪಾಲು. ಹಾಳಾದ ನಳಿಗಿಗೆ ನಾ ಬೈದದ್ದು ಕೇಳಿ ಸಾಹೇಬ್ರು ತಮ್ಮ ಕೋಣಿ ಬಾಗಲಾ ಹಾಕ್ಕೊಂಡ್ರು.

ಎರಡನೇ ಸಲ ಪುಡಿನ ಹೆಕ್ಸೇನ್‌ದಾಗ ನೆನಸಿ ದೋಸಿ ಹಿಟ್ಟಿನಂಗ ಮಾಡಿ, ನಳಿಗಿಗೆ ಹೊರಗಿಂದ ಬಡಿಗಿಲೆ ಸಾವಕಾಶ ತಟ್ಟುತಾ ತುಂಬಿದೆ. ಈ ಸಲ ಕಪ್ಪು ಎಲ್ಲಾ ಮ್ಯಾಲೇ ನಿಂತು, ಕೆಳಗಿಂದ ಹನಿ ಹನಿ ತಿಳಿ ನೀರಿನಂಥ ಎಣ್ಣಿ ಬಂತು. ಮಣಗಟ್ಟಲೆ ಮಸಿ ಕುಡದು, ಸಾವಿರ ಸಲ ಕಾದು, ಇಷ್ಟು ಬಡದಾಡಿದ ಮ್ಯಾಲೂ ಒಳಗ ಇಷ್ಟು ತಿಳಿ ಉಳದದಲಾ! ಆ ಎಣ್ಣಿ ಕಟ್ಟಿದವರಿಗೆ ಕೈ ಮುಗೀಬೇಕು ಅನಿಸ್ತು. ಆಮ್ಯಾಲ ಈಥರ್ ಸುರದೆ. ಹಿಂದ ಅಂಟಿ ಕುಂತಿದ್ದ ಇನ್ನೊಂದು ಎಣ್ಣಿ ಹಳದಿಯಾಗಿ ಇಳೀತು. ಈಥರ್ ಹಾರಿಸಿ ಮೂಗಿನ ಹತ್ರ ಹಿಡಿದೆ. ಸುಟ್ಟ ವಾಸನಿ ಹಿಂದ, ತೆಳ್ಳಗ, ಕುಸುಬಿ ವಾಸನಿ.

ತಿಳಿ ಎಣ್ಣಿನ ಗ್ಯಾಸ್ ಕ್ರೊಮ್ಯಾಟೊಗ್ರಾಫಿಗೆ ಹಾಕಿದೆ. ಈ ಮಿಷಿನ್ ಎಣ್ಣಿನ ಕಾಸಿ ಉದ್ದನ ದಾರಿ ಹಿಡಸ್ತದ, ಹಗುರಿದ್ದದ್ದು ಮೊದ್ಲು ಬರ್ತದ, ಭಾರದ್ದು ಹಿಂದಿಂದ. ನೆಲದ ಎಣ್ಣಿ ಹಾಕಿದ್ರ ಎಲ್ಲಾ ನಮೂನಿ ಅಣು ಸಂತ್ಯಾಗಿನ ಮಂದಿಯಂಗ ಒತ್ತರಿಸಿಕೊಂಡು ಒಂದೇ ದೊಡ್ಡ ದಿಬ್ಬ ಆಗಿ ಬರ್ತಾವ. ಪೋಣಿಸಿ ಕಟ್ಟಿದ ಪಿಎಒ ಹಂಗಲ್ಲ, ಗುಂಪು ಗುಂಪಾಗಿ, ನಡುವ ಜಾಗ ಬಿಟ್ಟು ಬರ್ತದ. ಪೇಟ್ಯಾಗಿಂದ ತರಿಸಿದ ಇನ್ನೊಂದು ಕಂಪನಿ ಡಬ್ಬಿ ಒಂದೇ ದಿಬ್ಬ ಕೊಟ್ಟಿತು. ಅದೂ ಸುಳ್ಳ ಮಾಲ್ ಅಲ್ಲ, ಜಜ್ಜಿ ಶುದ್ಧ ಮಾಡಿದ ಜಾತಿ ಅಷ್ಟೇ. ಬ್ಯಾರಲ್ ಎಣ್ಣಿನೂ ದಿಬ್ಬ. ಭಾಲ್ಕಿ ಸೀಲ್ ಡಬ್ಬಿ ಗುಂಪು ಗುಂಪು.

ಗಾಡಿಯಾಗಿನ ಎಣ್ಣಿ ಹಾಕಿ ಕುಂತೆ. ಉಗುರು ಕಡಕೊಂತ ಕುಂತೆ ಅಂದ್ರೂ ಆದೀತು. ಮೊದಲ ಗುಂಪು ಬಂತು. ಜಾಗ ಬಿಡ್ತು. ಎರಡನೇ ಗುಂಪು. ಮತ್ತ ಜಾಗ. ಸೀಲ್ ಡಬ್ಬಿ ಚಿತ್ರದ ಮ್ಯಾಲ ಇದನ್ನ ಇಟ್ಟು ನೋಡಿದ್ರ ಒಂದಕ್ಕೊಂದು ಬರೋಬ್ಬರಿ ಕುಂತವು. "ಸಾಹೇಬ್ರ, ಬರ್ರಿ ಇಲ್ಲಿ!" ಅಂತ ಒದರಿದೆ. ಆ ಹೆಣ್ಮಗಳು ಮಾರಿದ್ದು ಅಪರಂಜಿ ಮಾಲ್. ಕುಸುಬಿ ಆಮ್ಯಾಲ ಬಂದದ್ದು.

ಆದ್ರ ಯಾರು ಹಾಕಿದ್ರು? ಅದನ್ನ ಯಾವ ಮಿಷಿನ್ನೂ ಹೇಳಂಗಿಲ್ಲ. ಚೊಲೋ ಎಣ್ಣಿಗೆ ಆಕಿನೇ ಕುಸುಬಿ ಬೆರಸಿ ಡಬ್ಬಿ ತುಂಬ್ಯಾಳ ಅಂತ ಟೆಂಪೊ ಮಾಲಕ ಅಂದ್ರ ನನ್ನ ಹತ್ರ ಉತ್ತರ ಇರಲಿಲ್ಲ. ನಾನು ವಿಚಾರ ಮಾಡಿ ಹೇಳಿದೆ, "ಸಾಹೇಬ್ರ, ನಾ ಸಂತಪುರಕ್ಕ ಹೋಗಿ, ಮನಿಯವರನ್ನ ಕೇಳಿ, ಗಾಡಿಯಾಗಿಂದ ನನ್ನ ಕೈಲೇ ಮಾದರಿ ತಗೀತೇನಿ. ಅಲ್ಲೀತನ ವರದಿ ಇಲ್ಲ." ನಮ್ಮ ಲ್ಯಾಬಿನವರು ಮಾದರಿ ತರಾಕ ಹೊರಗ ಹೋಗೋ ರೂಢಿ ಇಲ್ಲ. ಅವರು ಮುಖ ಸಿಂಡರಿಸಿ, "ಹೋಗು. ಬಾಟಲಿ ತೊಳದು ಒಯ್ಯಿ" ಅಂದ್ರು.

ಭಾಲ್ಕಿಯಾಕಿಗೆ ಫೋನ್ ಮಾಡಿ ಹೇಳಿದ್ರ, "ನಾನೂ ಬರ್ತೇನ್ರಿ" ಅಂದಳು. ನಿನ್ನ ಹೆಸರು ಕೆಡಿಸಿದವರ ಮನಿಗೆ ನೀ ಯಾಕ ಬರ್ತಿ ಅಂದೆ. "ಕಳ್ಳಿ ಆಗಿದ್ರ ಬರ್ತಿದ್ದಿಲ್ರಿ" ಅಂದಳು. ಬೀದರ ಬಸ್ ಸ್ಟ್ಯಾಂಡಿನಾಗ ಕೂಡಿ ಇಬ್ರೂ ಔರಾದ ಬಸ್ ಹತ್ತಿದಿವಿ. ದಾರಿ ಉದ್ದಕ್ಕ ತೊಗರಿ ಹೊಲ ನೋಡಿಕೊಂತ ಕುಂತಾಕಿ ಬ್ಯಾಗಿನ ಬೆಲ್ಟ್ ಬೆರಳಿಗೆ ಸುತ್ತತಿದ್ದಳು, ಬಿಚ್ಚತಿದ್ದಳು.

ಸಂತಪುರದಾಗ ಗಾಡಿ ಮನಿ ಬಾಜೂಕ ಎತ್ತಿನ ಕೊಟ್ಟಗಿಯೊಳಗ ನಿಂತಿತ್ತು. ಎತ್ತು ಮಾರಿ ಗಾಡಿ ತಂದವರು, ಮೇವು ಹಾಕೋ ಗ್ವಾದ್ಲಿ ಇನ್ನೂ ಹಂಗೇ ಇತ್ತು. ಗಾಡಿ ಮುಂಭಾಗಕ್ಕ ಕುಂಕುಮ, ನಿಂಬಿಕಾಯಿ, ಬಾಡಿದ ಚೆಂಡು ಹೂವಿನ ಮಾಲಿ. ನಾನು ಕೆಳಗ ಬಗ್ಗಿ ಎಂಜಿನ್ ತಳದಾಗಿನ ಎಣ್ಣಿ ಸೋಸೋ ಜಾಳಗಿ ನೋಡಿದೆ. ಗಾಜಿನಂಥ ಕಂದು ಅಂಟು ಕಣ್ಣು ಕಣ್ಣು ಮುಚ್ಚಿತ್ತು. ಎಣ್ಣಿ ಮ್ಯಾಲ ಹತ್ತಾಕ ದಾರಿನೇ ಇರಲಿಲ್ಲ. ಅದನ್ನ ಚಿಮಟಿಗಿಲೆ ತಗೀತಾ ಮತ್ತ ಕೇಳಿದೆ, "ಖರೆ ಹೇಳ್ರಿ, ಟಾಪ್-ಅಪ್ ಮಾಡಿಲ್ಲ?" ಟೆಂಪೊ ಮಾಲಕ ಸಿಟ್ಟಿಗೆದ್ದ. "ಎಷ್ಟ್ ಸಲ ಹೇಳ್ಬೇಕ್ರಿ? ಇಲ್ಲ ಅಂದ್ರ ಇಲ್ಲ!"

ಅಷ್ಟರಾಗ ಅವರವ್ವ ಚಹಾ ತಂದಳು. ಸೆರಗು ತಲಿ ಮ್ಯಾಲ, ದನಿ ಮಾತ್ರ ಗಂಟಿ ಹೊಡದಂಗ. ಭಾಲ್ಕಿಯಾಕಿ ಯಾರು ಅಂತ ಆಕಿಗೆ ಗೊತ್ತಿರಲಿಲ್ಲ, ಕೈಯಾಗ ಕಪ್ ಕೊಟ್ಟು ಬೆನ್ನು ಸವರಿದಳು. ಆಮ್ಯಾಲ ಗಾಡಿ ಕಡೆ ನೋಡಿ ಕಣ್ಣೀರು ಒರಸಿಕೊಂಡಳು. "ಹ್ಯಾಂಗಿದ್ದ ಗಾಡಿ ಹ್ಯಾಂಗಾಯ್ತು ನೋಡ್ರಿ ಯವ್ವಾ. ಏರು ಹತ್ತುವಾಗ ದಮ್ಮು ಹಿಡದಂಗ ಮಾಡ್ತಿತ್ತು. ನಾ ಎಷ್ಟ್ ಗೊಟ್ಟ ಹಾಕಿದೆ. ಪ್ರತಿ ಅಮಾಸಿಗೆ ಹಾಕಿದೆ. ಕಡೀಕಡೀಗೆ ನಡುನಡುವೂ ಹಾಕಿದೆ. ಉಳೀಲಿಲ್ಲ."

ನನ್ನ ಕೈಯಾಗಿನ ಚಿಮಟಿಗಿ ನಿಂತಿತು. ಗೊಟ್ಟ! ನಮ್ಮ ಕಡೆ ಎತ್ತು ಸೊರಗಿದ್ರ ಬಿದಿರಿನ ಕೊಳವಿಯೊಳಗ ಕುಸುಬಿ ಎಣ್ಣಿ ತುಂಬಿ, ಬಾಯಿ ಅಗಲಿಸಿ, ಗಂಟಲದಾಗ ಸುರೀತಾರ. ಕಾರಹುಣ್ಣಿಮಿಗೆ ಎಲ್ಲಾ ಎತ್ತಿಗೂ ಹಾಕ್ತಾರ. ಆ ಕೊಳವಿಗೂ ಗೊಟ್ಟ ಅಂತಾರ, ಹಾಕೋ ಉಪಚಾರಕ್ಕೂ ಗೊಟ್ಟ ಅಂತಾರ. ಸಣ್ಣಾಕಿ ಇದ್ದಾಗ ನಮ್ಮಜ್ಜ ಹಾಕೋದು ನಾನೇ ನೋಡೀನಿ.

"ಎಲ್ಲಿಂದ ಹಾಕ್ತಿದ್ದಿ ಅವ್ವಾ?" ಅಂದೆ. ದನಿ ಮೆತ್ತಗಾಗಿತ್ತು.

"ಮಿಸ್ತ್ರಿ ಎಣ್ಣಿ ಹಾಕೋ ಬಾಯಿ ಅದಲಾ, ಅಲ್ಲಿಂದ" ಅಂದು ಆಕಿ ಗ್ವಾದ್ಲಿ ಮ್ಯಾಲಿನ ಗೂಟದಿಂದ ಬಿದಿರಿನ ಕೊಳವಿ ತಗದು ತೋರಿಸಿದಳು. ಹಳೇದು, ಕೈ ಹಿಡದು ಹಿಡದು ನುಣುಪಾಗಿತ್ತು. "ನಾವು ಉಂಡ ಎಣ್ಣಿನೇ. ಹೊಲದ್ದು, ಗಾಣದ್ದು, ಖಾಸ್. ಮನಿ ನಡಸೋ ಜೀವಕ್ಕ ಕೀಳ ಎಣ್ಣಿ ಹಾಕ್ತಾರೇನು?"

ಕುಸುಬಿ ಎಣ್ಣಿ ಒಣಗೋ ಜಾತಿ. ಕಾಸಿದ್ರ ಗಟ್ಟಿಯಾಗಿ ಅಂಟು ಆಗ್ತದ, ಆ ಅಂಟಿಗೇ ರೋಗಣ ಅನ್ನೋ ಹೆಸರು ಬಂದದ್ದು. ಎಂಜಿನ್ ಬಿಸಿಯೊಳಗ ತಿಂಗಳಾನುಗಟ್ಟಲೆ ಬೆಂದ್ರ ಇನ್ನೇನಾಗ್ತದ? ಗಾಡಿ ದಮ್ಮು ಹಿಡದಷ್ಟೂ ಅವ್ವ ಗೊಟ್ಟ ಹಾಕ್ಯಾಳ, ಗೊಟ್ಟ ಹಾಕಿದಷ್ಟೂ ಗಾಡಿ ದಮ್ಮು ಹಿಡದದ. ನಾನು ಎರಡು ಸಲ ಟಾಪ್-ಅಪ್ ಅಂತ ಕೇಳಿದ್ದೆ. ಆ ಮನ್ಯಾಗ ಯಾರೂ ಟಾಪ್-ಅಪ್ ಮಾಡಿರಲಿಲ್ಲ. ಮಗ ಖರೆನೇ ಹೇಳಿದ್ದ.

ಮಗ ಗ್ವಾದ್ಲಿ ಕಟ್ಟಿ ಮ್ಯಾಲ ಕುಸಿದು ಕುಂತ. ಅವ್ವ ನಮ್ಮ ಮುಖ ಮುಖ ನೋಡಿದಳು. "ಯಾಕ? ಏನಾಯ್ತು? ಹಾಕಬಾರದಿತ್ತೇನು?" ಭಾಲ್ಕಿಯಾಕಿ ಕಪ್ ಕೆಳಗಿಟ್ಟು ಎದ್ದು ಆಕಿ ಕೈ ಹಿಡದಳು. "ಏನಿಲ್ಲವ್ವಾ. ಎಂಜಿನ್ ಹಳೇದಿತ್ತು" ಅಂದಳು.

ಹೊರಗ ಬಂದ ಮ್ಯಾಲ ನನ್ನನ್ನ ಬೇವಿನ ಗಿಡದ ಕೆಳಗ ನಿಲ್ಲಿಸಿ, "ಮೇಡಂ, ವರದಿಯೊಳಗ ಆಕಿ ಸುದ್ದಿ ಬರಬಾರದು" ಅಂದಳು.

"ಹುಚ್ಚಿ ಇದ್ದೀಯೇನು? ನಿನ್ನ ದುಕಾನ್ ಉಳಿಯೋದೇ ಅದರ ಮ್ಯಾಲ!"

"ನನ್ನ ಎಣ್ಣಿ ಚೊಲೋ ಅದ ಅಂತ ಬರೀರಿ, ಸಾಕು. ತನ್ನ ಕೈಯಿಂದನೇ ಗಾಡಿ ಹೋಯ್ತಂತ ಆ ತಾಯಿಗೆ ಗೊತ್ತಾದ್ರ ಆಕಿ ಉಣ್ಣಂಗಿಲ್ರಿ. ಮಂದಿ ಆಡಿಕೊಂತಾರ."

ನಾ ಸಿಟ್ಟಿನಾಕಿ, ಯಾರ ಮಾತಿಗೂ ಲಗೂ ಒಪ್ಪಾಕಿ ಅಲ್ಲ. ಅವತ್ತ ಒಪ್ಪಿದೆ. ಸಂತಪುರದಿಂದ ತಂದ ಅಂಟೂ ಕುಸುಬಿದೇ ಅಂತ ಲ್ಯಾಬಿನಾಗ ನೋಡಿ, ವರದಿಯೊಳಗ ಖರೆ ಇದ್ದದ್ದೇ ಬರದೆ. ದುಕಾನಿನ ಸೀಲ್ ಡಬ್ಬಿಯ ಬೇಸ್ ಆಯಿಲ್, ಗಾಡಿಯಾಗಿನ ಬೇಸ್ ಆಯಿಲ್ ಒಂದೇ, ಅಸಲಿ. ಕುಸುಬಿ ಎಣ್ಣಿ ಮಾರಾಟದ ನಂತರ ಹೊರಗಿಂದ ಸೇರಿದ್ದು. ಯಾರು ಅಂತ ಬರೀಲಿಲ್ಲ. ಅದು ಲ್ಯಾಬಿನ ಕೆಲಸನೂ ಅಲ್ಲ.

ಟೆಂಪೊ ಮಾಲಕ ಭಾಲ್ಕಿಗೆ ಬಂದು ಸ್ಟ್ಯಾಂಡಿನಾಗ ಎಲ್ಲಾರ ಮುಂದ ಮಾತು ಹಿಂದಕ್ಕ ತಗೋತೇನಿ ಅಂದಿದ್ದ. ವರದಿ ನಾನೇ ಒಯ್ದೆ. ಸಂತಿ ದಿನ, ಮಂದಿ ದಂಡಿ. ಅಂವ ದುಕಾನಿನ ಮುಂದ ನಿಂತು ತಲಿ ಕೆಳಗ ಹಾಕಿ, "ಎಣ್ಣಿ ಸರಿ ಅದ ಅಂತ ರಿಪೋರ್ಟ್ ಬಂದದ್ರಿ. ಏನೋ ಬ್ಯಾರೆ ಆಗ್ಯದ. ನಂದೇ ತಪ್ಪು" ಅಂದ.

"ಬ್ಯಾರೆ ಅಂದ್ರ ಏನೋ?" ಅಂದ ಸಾಯಗಾಂವದ ಒಬ್ಬ ಡ್ರೈವರ್. ಟೆಂಪೊ ಮಾಲಕ ಕೌಂಟರ್ ಕಡೆ ನೋಡಿದ. "ಹ್ಞಾಂ, ತಿಳೀತು ಬಿಡು. ರೊಕ್ಕ ಕೊಟ್ರ ಲ್ಯಾಬಿನವರು ಹಾಲು ಅಂತನೂ ಬರದು ಕೊಡ್ತಾರ." ನಾಕು ಮಂದಿ ನಕ್ಕರು. ನಾನು ಮುಂದ ನುಗ್ಗಿದೆ, ಕೈಯಾಗ ಗುಂಪು ಗುಂಪಿನ ಚಿತ್ರ ಹಿಡಕೊಂಡು ಒದರಿಕೊಂಡೆ. ಯಾರು ಕೇಳ್ತಾರ? ಗೆರಿ ತೋರಿಸಿದ್ರ ಗೆರಿ ನೋಡ್ತಾರ, ಅಷ್ಟೇ. ಕೌಂಟರ್ ಹಿಂದ ಆಕಿ ಅಲ್ಲಾಡದಂಗ ನಿಂತಿದ್ದಳು. ಟೆಂಪೊ ಮಾಲಕನ ಕಡೆ ನೋಡಿ, ಬ್ಯಾಡ ಅಂತ ಕಣ್ಣಿಲೇ ಹೇಳಿದಳು. ಒಂದ್ ಮಾತು ಅಂದಿದ್ರ ಆಕಿ ದುಕಾನ್ ಉಳೀತಿತ್ತು. ಅನ್ನಲಿಲ್ಲ.

"ಜರಾ ಸರೀರಿ" ಅಂತ ಹಿಂದಿಂದ ಗಂಟಿ ಹೊಡದಂಥ ದನಿ ಬಂತು.

ಅವರವ್ವ. ಬಸ್ ಹಿಡದು ಒಬ್ಬಾಕಿನೇ ಬಂದಿದ್ದಳು. ಸೆರಗಿನಾಗ ಸುತ್ತಿಕೊಂಡಿದ್ದ ಬಿದಿರಿನ ಗೊಟ್ಟ ಹೊರಗ ತಗದು ಎಲ್ಲಾರಿಗೂ ಕಾಣಂಗ ಎತ್ತಿ ಹಿಡದಳು.

"ಇದರಾಗಿಂದ ಕುಸುಬಿ ಎಣ್ಣಿ ಹಾಕ್ದಾಕಿ ನಾನು. ಎತ್ತಿಗೆ ಹಾಕ್ದಂಗ ಗಾಡಿಗೆ ಹಾಕಿದೆ. ಈ ಮಗಳ ಎಣ್ಣಿ ಬಂಗಾರ ಇತ್ತು, ಕೆಡಿಸಿದಾಕಿ ನಾನು. ಎಂಜಿನ್ ಹಳೇದಿತ್ತು ಅಂತ ನನ್ನ ಮನ್ಯಾಗ ನಿಂತು ನನಗೇ ಸುಳ್ಳ ಹೇಳಿದಳು. ನಾ ಸಾಲಿ ಕಲಿತಿಲ್ಲ ಖರೆ, ಮುಖ ಓದಾಕ ಬರ್ತದ. ರಾತ್ರಿ ಮಗನ್ನ ಕುಂದ್ರಿಸಿ ಬಾಯಿ ಬಿಡಿಸಿದೆ."

ಸಾಯಗಾಂವದಾಂವ ತಡಕೊಳ್ಳಲಾರದ, "ಆಯಿ, ಗಾಡಿಗೆ ಗೊಟ್ಟ ಹಾಕ್ದೀ?" ಅಂತ ಗೊಳ್ಳನ ನಕ್ಕ. ಸುತ್ತ ಮಂದಿನೂ ನಕ್ಕರು. ಆಕಿ ಕದಲಲಿಲ್ಲ.

"ನಗ್ರಿ. ನಗೋಹಂಗೇ ಮಾಡೀನಿ, ಎಷ್ಟು ಬೇಕೋ ಅಷ್ಟು ನಗ್ರಿ. ನನ್ನ ನೋಡಿ ನಗ್ರಿ. ಈಕಿ ದುಕಾನ್ ನೋಡಿ ನಗಬ್ಯಾಡ್ರಿ."

ನಗು ನಿಂತಿತು. ಎರಡು ಮಿಷಿನ್ ಇಟ್ಕೊಂಡು ನನ್ನ ಕೈಲೆ ಆಗದ್ದನ್ನ ಆಕಿ ಒಂದು ಬಿದಿರಿನ ಕೊಳವಿ ಎತ್ತಿ ಹಿಡದು ಮಾಡಿದ್ದಳು. ಎಂಥಾ ಧೈರ್ಯ ರೀ ಅದು! ತನ್ನ ಮಾನ ತಾನೇ ಸಂತ್ಯಾಗ ಇಟ್ಟು ಇನ್ನೊಬ್ಬಾಕಿ ಮಾನ ಎತ್ತಿ ಕೊಡೋದು ಅಂದ್ರ.

ಅವ್ವ ಕೌಂಟರ್ ಹತ್ರ ಹೋದಳು. ಭಾಲ್ಕಿಯಾಕಿ ಎರಡೂ ಕೈಲೆ ಮುಖ ಮುಚ್ಚಿಕೊಂಡಿದ್ದಳು. ಅವ್ವ ಸೆರಗಿನ ಗಂಟು ಬಿಚ್ಚಿ ನೋಟು ತಗದು ಗಾಜಿನ ಮ್ಯಾಲ ಇಟ್ಟಳು. ಗೊಟ್ಟನೂ ಬಾಜೂಕ ಇಟ್ಟಳು.

"ಅಳಬ್ಯಾಡ. ಗಾಡಿ ರಿಪೇರಿಗೆ ಬಿಟ್ಟೀವಿ. ಒಂದ್ ಡಬ್ಬಿ ಕೊಡು, ಇನ್ನ ಮ್ಯಾಲ ಅದಕ್ಕ ಇದೇ ಗೊಟ್ಟ" ಅಂದಳು. "ತಗೋ ಮಗಳ, ಬೋಣಿ ಮಾಡ್ಕೋ."